ಬೆತ್ತದ ಜಾಗಕ್ಕೆ ಬಂದ ಟಿಸಿ

ನಮ್ಮ ಶಿರಸಿ ಕಡೆಯ ಪಾಲಕರ ಸಭೆಗಳಲ್ಲಿ ಈಚೆಗೆ ಒಂದು ಬೇಡಿಕೆ ಪದೇ ಪದೇ ಕೇಳಿಬರುತ್ತಿದೆ: ಗುಟ್ಕಾ, ಮೊಬೈಲ್ ಅಥವಾ ಚೂರಿ ಸಿಕ್ಕಿದರೆ, ಯಾರ ಮಗನೇ ಆಗಿರಲಿ, ಕಾರಣ ಕೇಳದೆ ಟಿಸಿ ಕೊಟ್ಟು ಕಳಿಸಬೇಕು. ವಶೀಲಿಯಿಂದ ರೋಸಿಹೋದವರಿಗೆ 'ಯಾರ ಮಗನೇ ಆಗಿರಲಿ' ಎಂಬ ಮಾತು ಹಿತವೆನಿಸುವುದು ಸಹಜ. ನನಗೆ ತಕರಾರಿರುವುದು 'ಕಾರಣ ಕೇಳದೆ' ಎಂಬುದರ ಬಗ್ಗೆ.

ಅಮೆರಿಕದ ಸರ್ಕಾರಿ ಶಾಲೆಗಳು ಈ ದಾರಿಯಲ್ಲಿ ಬಹುದೂರ ನಡೆದು ನೋಡಿವೆ. ಶಾಲೆಗೆ ಬಂದೂಕು ತಂದವರನ್ನು ಕನಿಷ್ಠ ಒಂದು ವರ್ಷ ಹೊರಗಿಡಬೇಕೆಂದು ಅಲ್ಲಿ 1994ರಲ್ಲಿ ಕಾನೂನಾಯಿತು. ಪ್ರಕರಣವನ್ನು ನೋಡಿ ಶಿಕ್ಷೆಯನ್ನು ಮಾರ್ಪಡಿಸುವ ಅವಕಾಶ ಆ ಕಾನೂನಿನಲ್ಲೇ ಇತ್ತಾದರೂ, ಅನೇಕ ಶಾಲಾಡಳಿತಗಳು ಅದೇ ಬಿಗಿಯನ್ನು ಮಾತ್ರೆ, ಜಗಳ, ಎದುರುತ್ತರಗಳವರೆಗೂ ಹಿಗ್ಗಿಸಿದವು. ನೋವಿನ ಮಾತ್ರೆ ಇಟ್ಟುಕೊಂಡಿದ್ದಾಳೆಂಬ ಅನುಮಾನಕ್ಕೆ ಅರಿಜೋನಾದಲ್ಲಿ ಹದಿಮೂರರ ಬಾಲಕಿಯೊಬ್ಬಳ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದ್ದನ್ನು 2009ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸಂವಿಧಾನಬಾಹಿರವೆಂದಿತು. 2013ರಲ್ಲಿ ಮೇರಿಲ್ಯಾಂಡಿನ ಏಳು ವರ್ಷದ ಹುಡುಗನೊಬ್ಬ ತಿಂಡಿಯನ್ನು ಪಿಸ್ತೂಲಿನ ಆಕಾರಕ್ಕೆ ಕಚ್ಚಿದನೆಂದು ಅಮಾನತುಗೊಂಡ! ಅಮೆರಿಕದ ಮನೋವಿಜ್ಞಾನಿಗಳ ಸಂಘದ ಕಾರ್ಯಪಡೆ 2008ರಲ್ಲೇ ಇಂಥ ನೀತಿಗಳಿಂದ ಶಾಲೆಗಳು ಹೆಚ್ಚು ಸುರಕ್ಷಿತವಾದುದಕ್ಕೆ ಆಧಾರವಿಲ್ಲವೆಂದು ಹೇಳಿತ್ತು. ಹೊರಬಿದ್ದವರಲ್ಲಿ ಕಪ್ಪು ವರ್ಣೀಯ ಮಕ್ಕಳ ಪ್ರಮಾಣ ಅವರ ಜನಸಂಖ್ಯೆಗೆ ಮೀರಿತ್ತು. 'ಯಾರ ಮಗನೇ ಆಗಿರಲಿ' ಎಂಬ ನಿಯಮ ಕೊನೆಗೆ ಯಾರ ಮಕ್ಕಳ ಮೇಲೆ ಬಿತ್ತೆಂಬುದಕ್ಕೆ ಇಷ್ಟು ಸಾಕು.

ನಮ್ಮಲ್ಲಿ ಇದು ಯಾರ ಮೇಲೆ ಬೀಳಬಹುದು? ಕಾರವಾರದ ಕಡೆ ಅಪ್ಪನೊಂದಿಗೆ ಬಲೆ ಸರಿಪಡಿಸಿ ನೇರ ಶಾಲೆಗೆ ಬರುವ ಹುಡುಗನ ಚೀಲದಲ್ಲಿ ದಾರ ಕತ್ತರಿಸುವ ಚೂರಿ ಉಳಿದಿರಬಹುದು. ಘಟ್ಟದ ಮೇಲೆ, ಬಂದವರಿಗೆಲ್ಲ ಕವಳದ (ಎಲೆ-ಅಡಿಕೆಯ) ತಬಕು ಮುಂದಿಡುವ ಮನೆಯ ಹುಡುಗನ ಜೇಬಿನಲ್ಲಿ ಚಾಲಿ ಅಡಿಕೆಯ ಎರಡು ಹೋಳು ಸಿಕ್ಕರೆ ಅದನ್ನು ಗುಟ್ಕಾದ ಸಾಲಿಗೆ ಸೇರಿಸುವುದೋ, ಬಿಡುವುದೋ? ಚೂರಿ ತೋರಿಸಿ ಹೆದರಿಸಿದವನ ವಿಷಯ ಬೇರೆ. ಅದನ್ನು ಖಂಡಿತ ಗಂಭೀರವಾಗಿ ನೋಡಬೇಕು. ಆದರೆ ಚೀಲದಲ್ಲಿ ಚೂರಿ ಉಳಿದವನನ್ನೂ ಅದನ್ನು ತೋರಿಸಿ ಹೆದರಿಸಿದವನನ್ನೂ ಬೇರೆಬೇರೆಯಾಗಿ ಕಾಣಬೇಕಾದರೆ ಯಾರಾದರೂ ಕುಳಿತು ವಿಚಾರಿಸಲೇಬೇಕು, ಮತ್ತು ಆ ವಿಚಾರಣೆಯ ಹೊಣೆಯಿಂದ ಹಿರಿಯರಾದ ನಾವು ತಪ್ಪಿಸಿಕೊಳ್ಳುವುದಕ್ಕಾಗಿಯೇ ಇಂಥ ನಿಯಮ ಬಯಸುತ್ತೇವೆಂದು ನನಗನ್ನಿಸುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಬೆತ್ತ ಮೂಲೆ ಸೇರಿದ ಮೇಲೆ ಆ ಜಾಗಕ್ಕೆ ಟಿಸಿಯನ್ನು ತಂದುಕೊಂಡಿದ್ದೇವೆ. (ಬೆತ್ತವೇ ಚೆನ್ನಾಗಿತ್ತೆಂದು ಹೇಳುವವನು ನಾನಲ್ಲ, ಅದರ ಬಾಸುಂಡೆಗಳನ್ನು ಕಂಡವನು.) ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಅಂದರೆ ಎಂಟನೆಯ ತರಗತಿಯವರೆಗೆ, ಮಗುವನ್ನು ಹೊರಹಾಕುವಂತಿಲ್ಲವೆಂದು ಅದೇ ಕಾಯ್ದೆಯ 16ನೇ ಕಲಮು ಹೇಳುತ್ತದೆ; 2019ರ ತಿದ್ದುಪಡಿಯು ಐದು ಮತ್ತು ಎಂಟನೆಯ ತರಗತಿಗಳಲ್ಲಿ ನಪಾಸು ಮಾಡಲು ಅವಕಾಶ ಕೊಟ್ಟರೂ ಈ ರಕ್ಷಣೆಯನ್ನು ಮುಟ್ಟಲಿಲ್ಲ. ಒಂಬತ್ತು, ಹತ್ತನೆಯ ತರಗತಿಯವರಿಗೆ ಆ ಆಸರೆ ಇಲ್ಲ. ಮಳೆಗಾಲದಲ್ಲಿ ಬಸ್ಸನ್ನೇ ನೆಚ್ಚಿಕೊಂಡ ಹಳ್ಳಿಯ ಹುಡುಗಿಗೆ ಇನ್ನೊಂದು ಪ್ರೌಢಶಾಲೆಯೆಂದರೆ ಬಹುಮಟ್ಟಿಗೆ ಓದು ನಿಂತಂತೆಯೇ.

ಆದ್ದರಿಂದ ಆ ಎರಡು ತರಗತಿಗಳ ಯಾವ ವಿದ್ಯಾರ್ಥಿಗೂ ಅವರ ಹೇಳಿಕೆಯನ್ನು ಪಾಲಕರ ಎದುರಿನಲ್ಲಿ ಕೇಳಿ, ಮುಖ್ಯೋಪಾಧ್ಯಾಯರು ಕಾರಣವನ್ನು ಬರಹದಲ್ಲಿ ದಾಖಲಿಸದೆ ಟಿಸಿ ಕೊಡಬಾರದೆಂಬ ಠರಾವನ್ನು ಪ್ರತಿ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯೂ ಮಾಡಿಕೊಳ್ಳಬೇಕು. ಶಿಕ್ಷೆ ಕೊಡಲೇಬೇಕಾದಲ್ಲಿ, ಹುಡುಗ ಶಾಲೆಯ ಒಳಗಿದ್ದೇ ಅದನ್ನು ಅನುಭವಿಸುವಂತಿರಲಿ.