ಎಷ್ಟು ಕಿಲೋ ಅಕ್ಕಿ?

15 ಡಿಸೆಂಬರ್ 2024, ಭಾನುವಾರ
ಮಂಗಳೂರು

ರಾತ್ರಿ ಹತ್ತೂವರೆ. ಎರಡು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ಎಣ್ಣೆ, ತೆಂಗಿನಹಾಲಿನ ವಾಸನೆ ಹೋಗಿಲ್ಲ. ಗುರುವಾರದಿಂದ ಎದೆಯಲ್ಲಿ ಕುಳಿತಿರುವುದನ್ನು ಇವತ್ತಾದರೂ ಬರೆಯದೆ ಮಲಗಿದರೆ ನಿದ್ದೆ ಹತ್ತುವುದಿಲ್ಲ.

ಗುರುವಾರ ಸಂಜೆ ಮಗ ಶಾಲೆಯಿಂದ ಬಂದವನೇ ಚೀಲವನ್ನು ಮೂಲೆಗೆ ಎಸೆದು ಕೋಣೆ ಸೇರಿಕೊಂಡ. ಹದಿನಾಲ್ಕು ವರ್ಷ, ಒಂಬತ್ತನೆಯ ತರಗತಿ. ಈ ವಯಸ್ಸಿನಲ್ಲಿ ಬಾಗಿಲು ಹಾಕಿಕೊಳ್ಳುವುದು ಹೊಸದೇನಲ್ಲ. ಆದರೆ ಅಂದು ಚಹಾಕ್ಕೂ ಬರಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ತಾನಾಗಿಯೇ ಮೊಬೈಲನ್ನು ನನ್ನ ತಟ್ಟೆಯ ಪಕ್ಕ ಇಟ್ಟ. ತರಗತಿಯ ಹುಡುಗರ ವಾಟ್ಸ್‌ಆ್ಯಪ್ ಗುಂಪು. ಮತಾಂತರದ ಬಗ್ಗೆ ಯಾರೋ ಒಂದು ವಿಡಿಯೊ ಹಾಕಿದ್ದರು. ಅದರ ಕೆಳಗೆ ಇವನ ಹೆಸರು ಹಿಡಿದು ಒಂದು ಪ್ರಶ್ನೆ: "ನಿಮ್ಮವರಿಗೆ ಎಷ್ಟು ಕಿಲೋ ಅಕ್ಕಿ ಕೊಟ್ಟರು?" ಅಕ್ಕಿಯ ಆಸೆಗೆ ಕ್ರೈಸ್ತರಾದವರು ನೀವು ಎಂಬ ಕುಟುಕು. ನಾಲ್ಕು ಹುಡುಗರು ನಗುವ ಮುಖ ಒತ್ತಿದ್ದರು.

ಕೇಳಿದವನು ಯಾರೋ ಅಪರಿಚಿತನಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮೂರನೆಯ ತರಗತಿಯಿಂದ ನಮ್ಮ ಮನೆಯಲ್ಲಿ ಉಂಡು ಬೆಳೆದ ಹುಡುಗ. ಅಷ್ಟಮಿಗೆ ಅವರ ಮನೆಯಿಂದ ಮೂಡೆ, ಅಂದರೆ ಎಲೆಯಲ್ಲಿ ಬೇಯಿಸಿದ ಕಡುಬು, ಬರುತ್ತದೆ, ಕ್ರಿಸ್‌ಮಸ್‌ಗೆ ನಮ್ಮ ಮನೆಯಿಂದ ತಿಂಡಿಯ ಡಬ್ಬಿ ಹೋಗುತ್ತದೆ. ಇಬ್ಬರೂ ಒಂದೇ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಾರೆ.

ನಾನು ಮಗನ ತಲೆ ಸವರಲು ಕೈ ಎತ್ತಿದೆ. ಅಷ್ಟರಲ್ಲಿ, ಇನ್ನೂ ಕೆಳಗೆ ಇವನು ಕೊಟ್ಟ ಉತ್ತರ ಕಣ್ಣಿಗೆ ಬಿತ್ತು. ಅದನ್ನು ಇಲ್ಲಿ ಬರೆಯಲಾರೆ. ಗೆಳೆಯನ ಮನೆಯವರು ದಿನಾ ಕೈಮುಗಿಯುವ ದೇವರ ಬಗ್ಗೆ, ಅವರು ನಂಬುವ ದೈವದ ಬಗ್ಗೆ ಆಡಬಾರದ ಮಾತು. ಹದಿನಾಲ್ಕರ ಹುಡುಗನ ಬಾಯಿಗೆ ತಾನಾಗಿ ಬರುವ ಮಾತಲ್ಲ ಅದು. ಎಲ್ಲಿಂದ ಕಲಿತೆ ಎಂದು ಕೇಳಿದೆ. ಅಳುಕದೆ ಹೇಳಿದ: "ನಮ್ಮ ಕುಟುಂಬದ ಗುಂಪಿನಲ್ಲಿ ಬಂದಿತ್ತಲ್ಲ ಅಮ್ಮ, ಆ ಬೋಧಕರ ವಿಡಿಯೊ. ನೀನೂ ನೋಡಿದ್ದೆ."

ಹೌದು, ನೋಡಿದ್ದೆ. ಒಂದು ನಿಮಿಷದ ತುಣುಕು. ಬೋಧಕರು ಕೂಗಿ ಕೂಗಿ ಇತರರ ದೇವರುಗಳನ್ನು ಹೀಯಾಳಿಸುತ್ತಾರೆ, ಸೇರಿದ ಜನ ಹಲ್ಲೆಲೂಯಾ ಎನ್ನುತ್ತಾರೆ. ಕಳುಹಿಸಿದವರು ಹಿರಿಯರೆಂದು ನಾನು ಅದರ ಕೆಳಗೆ ಕೈಮುಗಿದ ಚಿತ್ರವನ್ನೂ ಒತ್ತಿದ್ದೆ. ಆ ರಾತ್ರಿ ನನಗೆ ಅನ್ನ ಇಳಿಯಲಿಲ್ಲ.

ಇವರು ಹೇಳಿದ್ದು ಒಂದೇ ಮಾತು: ಗುಂಪಿನಿಂದ ಹೊರಗೆ ಬರಲಿ, ನಾಳೆ ಟೀಚರಿಗೆ ತಿಳಿಸೋಣ. ತಂದೆಯಾದವರಿಗೆ ಹಾಗೆ ಅನಿಸುವುದು ಸಹಜ. ನಾನು ಬೇಡವೆಂದೆ. ದೂರು ಹೋದರೆ ಎರಡೂ ಮಾತುಗಳು ಹೊರಬೀಳುತ್ತವೆ ಎಂಬ ಹೆದರಿಕೆಯಿಂದಲ್ಲ. ಆ ಪ್ರಶ್ನೆಗೆ ನನ್ನ ಮಗನ ಹತ್ತಿರ ಉತ್ತರವೇ ಇರಲಿಲ್ಲ, ಅದಕ್ಕೇ ಅವನು ಕೈಗೆ ಸಿಕ್ಕಿದ ಕಲ್ಲನ್ನು ಎತ್ತಿ ಎಸೆದ. ಉತ್ತರ ಗೊತ್ತಿರಬೇಕಾದ ಮನೆಯಲ್ಲಿ ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ಕಾಲದಲ್ಲಿ ಈ ಮನೆಯಲ್ಲಿ ಸಂಜೆ ಏಳಕ್ಕೆ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ನಾನು ಮದುವೆಯಾಗಿ ಬಂದಾಗ ಮಾಮಿ, ಅಂದರೆ ನನ್ನ ಅತ್ತೆ, ಚಾಪೆ ಹಾಸಿ, ಕನ್ನಡ ಸತ್ಯವೇದವನ್ನು ಮಡಿಲಲ್ಲಿ ಇಟ್ಟುಕೊಂಡು, ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದರು. ಮನೆಮಾತು ತುಳು, ಪ್ರಾರ್ಥನೆ ಕನ್ನಡ. ನಮ್ಮ ಕಡೆಯ ಪ್ರೊಟೆಸ್ಟೆಂಟ್ ಮನೆಗಳಲ್ಲಿ ತಲೆತಲಾಂತರದಿಂದ ನಡೆದು ಬಂದದ್ದು ಹಾಗೆಯೇ. ಆಮೇಲೆ ಮಗನ ಟ್ಯೂಷನ್ ಏಳಕ್ಕೆ ಬಂತು. ನನ್ನ ಕಚೇರಿಯ ಕರೆಗಳು ಎಂಟರವರೆಗೆ ಎಳೆದವು. ಮಗಳಿಗೆ ನಾಟ್ಯದ ತರಗತಿ. ಪ್ರಾರ್ಥನೆ ಮೊದಲು ಒಂಬತ್ತಕ್ಕೆ ಸರಿಯಿತು, ಆಮೇಲೆ ಭಾನುವಾರಕ್ಕೆ ಮಾತ್ರ ಉಳಿಯಿತು. ಮಾಮಿ ಒಂದು ಮಾತೂ ಆಡಲಿಲ್ಲ. ತಮ್ಮ ಕೋಣೆಯಲ್ಲಿ ಒಬ್ಬರೇ ಕುಳಿತು ಮುಗಿಸುತ್ತಿದ್ದರು. ಆ ಖಾಲಿ ಹೊತ್ತಿನಲ್ಲಿ ನನ್ನ ಮಗನಿಗೆ ದೇವರ ವಿಷಯ ಹೇಳಿದ್ದು ಮೊಬೈಲು. ಪ್ರೀತಿಯನ್ನಲ್ಲ, ಸಿಟ್ಟನ್ನು ಹೇಳಿಕೊಟ್ಟಿತು.

ಇವತ್ತು ಬೆಳಿಗ್ಗೆ, ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೂರನೆಯ ಭಾನುವಾರದ ಆರಾಧನೆ. ಚರ್ಚಿನಲ್ಲಿ ಮಗ ನನ್ನ ಪಕ್ಕದಲ್ಲೇ ಕುಳಿತಿದ್ದ, ತುಟಿ ಬಿಚ್ಚಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಮಾಲ್‌ನ ಮುಂದೆ ಎರಡು ಆಳೆತ್ತರದ ಸಾಂತಾಕ್ಲಾಸ್ ನಿಂತಿದ್ದ. ಮಗಳು ಅಲ್ಲಿ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಎಲ್ಲಿದೆ ಎಂದು ಹುಡುಕಿದಳು. ಇರಲಿಲ್ಲ. ಹುಟ್ಟಿದ ಮಗುವನ್ನೇ ಬಿಟ್ಟು ಹುಟ್ಟುಹಬ್ಬ ಮಾಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದರೆ ಮಾಲ್‌ನವರನ್ನು ದೂರುವ ಮನಸ್ಸು ಇವತ್ತು ಇರಲಿಲ್ಲ. ನನ್ನ ಮನೆಯಲ್ಲೂ ಆ ಮಗುವಿಗೆ ಜಾಗ ಕಡಿಮೆಯಾಗಿದೆ.

ಮಧ್ಯಾಹ್ನ ರೋಸ್ ಕುಕ್ಕೀಸ್ ಮಾಡಲು ಕುಳಿತೆವು. ಅಕ್ಕಿಹಿಟ್ಟು, ಮೈದಾ, ಮೊಟ್ಟೆ, ತೆಂಗಿನಹಾಲು, ಸಕ್ಕರೆ, ಒಂದು ಹಿಡಿ ಎಳ್ಳು. ಹಿಟ್ಟಿನ ಹದ ಯಾರಿಗೂ ಬರುತ್ತದೆ, ಕಷ್ಟವೆಲ್ಲ ಅಚ್ಚಿನದು. ಹೂವಿನ ಆಕಾರದ ಅಚ್ಚನ್ನು ಮೊದಲು ಕಾದ ಎಣ್ಣೆಯಲ್ಲೇ ಇಟ್ಟು ಕಾಯಿಸಬೇಕು. ತಣ್ಣಗಿದ್ದರೆ ಹಿಟ್ಟು ಹಿಡಿಯುವುದಿಲ್ಲ. ಹಿಟ್ಟಿನಲ್ಲಿ ಅದ್ದುವಾಗ ಮುಕ್ಕಾಲು ಭಾಗ ಮಾತ್ರ ಮುಳುಗಬೇಕು. ಅಂಚು ದಾಟಿ ಮೇಲೆ ಹಿಟ್ಟು ಹತ್ತಿದರೆ ಆ ಹೂವು ಅಚ್ಚನ್ನು ಬಿಟ್ಟು ಬರುವುದೇ ಇಲ್ಲ, ಅಲ್ಲೇ ಕರಟುತ್ತದೆ. ಸರಿಯಾಗಿ ಅದ್ದಿ ಎಣ್ಣೆಗೆ ಇಳಿಸಿ, ಒಂದು ಗಳಿಗೆ ಬಿಟ್ಟು, ಮೆಲ್ಲಗೆ ಕುಲುಕಿದರೆ ಹೂವು ತಾನಾಗಿ ಕಳಚಿ ತೇಲುತ್ತದೆ. ಎಪ್ಪತ್ತೆಂಟರ ಮಾಮಿ ಸ್ಟೂಲಿನ ಮೇಲೆ ಕುಳಿತು ಅಚ್ಚು ಹಿಡಿದಿದ್ದರು. ಮಗ ತೇಲಿದ್ದನ್ನು ಕಡ್ಡಿಯಿಂದ ಎತ್ತಿ ಕಾಗದದ ಮೇಲೆ ಹಾಕುತ್ತಿದ್ದ. ಇಪ್ಪತ್ತೋ ಮೂವತ್ತೋ ಆದ ಮೇಲೆ, ತಲೆ ಎತ್ತದೆ, ಕೇಳಿಯೇ ಬಿಟ್ಟ.

"ಅಜ್ಜಿ, ನಮ್ಮವರು ಅಕ್ಕಿಗೋಸ್ಕರ ಸೇರಿದ್ದೇ?"

ನಾನು ಉಸಿರು ಹಿಡಿದೆ. ಮಾಮಿ ಅಚ್ಚನ್ನು ಎಣ್ಣೆಯಿಂದ ಎತ್ತಿ ಪಾತ್ರೆಯ ಅಂಚಿಗೆ ತಾಗಿಸಿದರು. ಯಾರು ಕೇಳಿದ್ದು ಎಂದು ವಿಚಾರಿಸಲಿಲ್ಲ. ಸಿಟ್ಟಾಗಲೂ ಇಲ್ಲ.

"ನನ್ನ ಮುತ್ತಜ್ಜ ಕಳ್ಳು ಇಳಿಸುತ್ತಿದ್ದರು" ಎಂದರು. "ಕ್ರೈಸ್ತ ಸಭೆಗೆ ಸೇರಿದ ದಿನ ಅಣ್ಣತಮ್ಮಂದಿರು ಮನೆಯಿಂದ ಹೊರಗೆ ಹಾಕಿದರು. ಇತ್ತ ಪಾದ್ರಿಗಳು, ಕಳ್ಳಿನ ಕೆಲಸ ಮಾಡುವ ಹಾಗಿಲ್ಲ ಎಂದರು. ಅಕ್ಕಿ ಸಿಗುವುದಿರಲಿ ಮಗನೇ, ಉಣ್ಣುತ್ತಿದ್ದ ಅನ್ನವೂ ಹೋಯಿತು. ಎರಡು ವರ್ಷ ಕೂಲಿ ಮಾಡಿದರಂತೆ. ಆಮೇಲೆ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವ ಕೆಲಸ ಸಿಕ್ಕಿತು."

ನಾನು ಕಾಲೇಜಿನಲ್ಲಿ ಓದಿದ್ದ ಚರಿತ್ರೆಗೆ ಅಡುಗೆಮನೆಯಲ್ಲಿ ಮುಖ ಬಂದಂತಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟೆಂಟ್ ಸಂಸ್ಥೆಯ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಸೇರಿದವರು ಜಾತಿಯನ್ನು ಕಳೆದುಕೊಂಡರು, ಜಾತಿಯ ಜೊತೆಗೆ ಕಸುಬನ್ನೂ ನೆಲವನ್ನೂ ಕಳೆದುಕೊಂಡರು. ಅವರಿಗೆ ಹೊಟ್ಟೆಪಾಡು ಬೇಕಲ್ಲ. ಆ ಕಾರಣಕ್ಕೇ ಮಿಶನ್ನಿನವರು ನೇಯ್ಗೆ ಶುರುಮಾಡಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ, ಗುರುಪುರ ಹೊಳೆಗಳ ಜೇಡಿಮಣ್ಣು ಹೆಂಚಾಗಿ ಕಡಲು ದಾಟಿ ಹೋಯಿತು. ಇವತ್ತು ಊರೂರಿನಲ್ಲಿ ಮಂಗಳೂರು ಹೆಂಚು ಎಂದು ಕರೆಯುವುದು ಅದರಿಂದ ಹುಟ್ಟಿದ ಮಾತು.

ನಮ್ಮ ಬಾವಿಕಟ್ಟೆಯ ಹಿಂದೆ ಹಳೆಯ ಹಟ್ಟಿಯ ಮಾಡಿನಿಂದ ಇಳಿಸಿದ ಹೆಂಚುಗಳ ರಾಶಿ ಇದೆ. ಮಗ ಎದ್ದು ಹೋಗಿ ಒಂದನ್ನು ತಂದ. ಪಾಚಿ ಹಿಡಿದಿತ್ತು. ತೆಂಗಿನನಾರಿನಿಂದ ಉಜ್ಜಿದಾಗ ಅಡಿಯಲ್ಲಿ ಅಕ್ಷರಗಳು ಕಂಡವು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ಅದು ಕಾರ್ಖಾನೆ ಆರಂಭವಾದ ವರ್ಷ, ಈ ಹೆಂಚು ಸುಟ್ಟ ವರ್ಷವಲ್ಲ. ಅವನು ಆ ಅಂಕಿಗಳ ಮೇಲೆ ಹೆಬ್ಬೆರಳು ಆಡಿಸುತ್ತ ತುಂಬ ಹೊತ್ತು ಕುಳಿತಿದ್ದ. ಮಗಳು ತನಗೂ ಒಂದು ಬೇಕೆಂದು ಹಟ ಹಿಡಿದಳು.

ಇಷ್ಟಕ್ಕೇ ಬಿಟ್ಟಿದ್ದರೆ ಅವನಿಗೆ ಗೆಳೆಯನ ಮುಂದೆ ಹಿಡಿಯಲು ಒಂದು ಗುರಾಣಿ ಸಿಕ್ಕುತ್ತಿತ್ತು. ನನಗೆ ಅದು ಸಾಲದು ಅನಿಸಿತು. ಪೂರ್ತಿ ಹೇಳಿದೆ. 1876ರಿಂದ 78ರವರೆಗಿನ ಬರದಲ್ಲಿ ಘಟ್ಟದ ಮೇಲೆ, ಧಾರವಾಡ, ಬಳ್ಳಾರಿಯ ಕಡೆ ಜನ ಹಸಿವಿನಿಂದ ಸತ್ತರು. ಆಗ ಗಂಜಿ ಕೊಟ್ಟ ಕೈ ಹಿಡಿದು ಸಭೆಗೆ ಬಂದವರೂ ಇದ್ದಾರೆ, ಅನಾಥರಾಗಿ ಬಂದ ಮಕ್ಕಳೂ ಇದ್ದಾರೆ. ಅದನ್ನು ಮುಚ್ಚಿಡುವುದು ನನಗೆ ಇಷ್ಟವಿಲ್ಲ, ನಾಚಿಕೊಳ್ಳುವುದೂ ಇಷ್ಟವಿಲ್ಲ. ಜಾತಿ ಬಿಟ್ಟು ಬಂದೆವು ಎನ್ನುವ ನಮ್ಮ ಹಿರಿಯರು ಇವತ್ತಿಗೂ ಮದುವೆಯ ಮಾತು ಬಂದಾಗ "ಅವರ ಮೂಲ ಯಾವುದು" ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ ಎಂಬುದನ್ನೂ ಹೇಳಿದೆ. ಮಾಮಿ ನನ್ನನ್ನು ಒಮ್ಮೆ ನೋಡಿದರು, ತಡೆಯಲಿಲ್ಲ.

ಆಮೇಲೆ ಅವನ ಮಾತಿನ ಸರದಿ. ಅದನ್ನು ನಾನೇ ಎತ್ತಿದೆ. ಬಾಸೆಲ್ ಮಿಶನ್ನಿನ ಹಿಂದಿನ ಪಾದ್ರಿಗಳು ಕೂಡ ತುಳುನಾಡಿನ ದೈವಗಳ ಬಗ್ಗೆ ಕಟುವಾಗಿ ಬರೆದರು ಎಂದೆ. ಆದರೆ ಅವರು ಈ ನೆಲದಲ್ಲಿ ಕುಳಿತು ಭಾಷೆ ಕಲಿತರು, ಕಿವಿ ಕೊಟ್ಟು ಕೇಳಿದರು. 1886ರಲ್ಲಿ ತುಳು ನಿಘಂಟನ್ನು ತಂದ ಮ್ಯಾನರ್ ಅವರೇ ದೈವಗಳ ಪಾಡ್ದನಗಳನ್ನೂ, ಅಂದರೆ ಅವುಗಳ ಕತೆ ಹೇಳುವ ತುಳು ಹಾಡುಗಳನ್ನೂ, ಸಂಗ್ರಹಿಸಿ ಅಚ್ಚು ಹಾಕಿಸಿದರು. ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದರು, ಅದು ಕನ್ನಡದ ಮೊದಲ ಪತ್ರಿಕೆ. ಕಿಟ್ಟೆಲ್ ಈ ನಾಡಿನ ಹಳೆಯ ಕಾವ್ಯಗಳಿಂದ, ಜನರ ಗಾದೆಗಳಿಂದ ಪದ ಆರಿಸಿ 1894ರಲ್ಲಿ ಶಬ್ದಕೋಶ ಮುಗಿಸಿದರು.

"ಮಂಗಳೂರ ಸಮಾಚಾರ ನಮ್ಮ ಪುಸ್ತಕದಲ್ಲಿದೆ" ಎಂದ ಮಗ. "ಅದು ನಮ್ಮ ಸಭೆಯದ್ದು ಎಂದು ಗೊತ್ತಿರಲಿಲ್ಲ."

"ಒಂದು ನಿಮಿಷದ ವಿಡಿಯೊ ನೋಡಿ ನೀನು ಆಡಿದ ಮಾತಿನಲ್ಲಿ ಅಂಥ ಶ್ರಮ ಎಲ್ಲಿದೆ?" ಎಂದು ಕೇಳಿದೆ. ಗದರಿಸಲಿಲ್ಲ. ನಾನೂ ಆ ವಿಡಿಯೊಗೆ ಕೈಮುಗಿದವಳು, ಅದು ನನ್ನ ತಪ್ಪು ಎಂದು ಮಕ್ಕಳ ಎದುರಿಗೇ ಹೇಳಿದೆ. ಕುಟುಂಬದ ಗುಂಪಿನಲ್ಲಿ ಆ ಹಿರಿಯರಿಗೆ ಮಧ್ಯಾಹ್ನವೇ ಬರೆದು ಹಾಕಿದ್ದೇನೆ: ದಯವಿಟ್ಟು ಇಂಥದ್ದನ್ನು ಇಲ್ಲಿ ಕಳುಹಿಸಬೇಡಿ, ನಮ್ಮ ಮಕ್ಕಳು ಇದನ್ನು ನೋಡಿ ಕಲಿಯುತ್ತಿದ್ದಾರೆ. ಇಬ್ಬರು ಗುಂಪು ಬಿಟ್ಟರು. ಒಬ್ಬ ಚಿಕ್ಕಮ್ಮ ಫೋನ್ ಮಾಡಿ, ನಿನ್ನ ವಿಶ್ವಾಸ ತಣ್ಣಗಾಗಿದೆ ಎಂದರು. ತಣ್ಣಗಾಗಿಲ್ಲ ಚಿಕ್ಕಮ್ಮ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂದ ಯೇಸುಸ್ವಾಮಿಯನ್ನು ನನ್ನ ಮಗ ನನ್ನ ಬಾಯಿಂದ ಕೇಳಬೇಕು, ಯಾರದೋ ಕೂಗಿನಿಂದಲ್ಲ. ಅಷ್ಟೇ ನನ್ನ ಆಸೆ.

ಕ್ರೈಸ್ತ ಮಕ್ಕಳನ್ನು ಬೆಳೆಸುವುದು ಈ ಊರಿನಲ್ಲಿ ಈಗ ಸುಲಭವಲ್ಲ. 2008ರ ಸೆಪ್ಟೆಂಬರಿನಲ್ಲಿ ಇಲ್ಲಿ ಚರ್ಚುಗಳ ಮೇಲೆ ದಾಳಿ ನಡೆದಾಗ ನನಗೆ ಇನ್ನೂ ಮಕ್ಕಳಾಗಿರಲಿಲ್ಲ. ಆ ವಾರದ ಮೌನ ಈಗಲೂ ನೆನಪಿದೆ. ಮಗ ಆ ಹೆದರಿಕೆಯನ್ನು ಹೊತ್ತುಕೊಂಡು ಬೆಳೆಯಬಾರದು ಎಂದು ಅವನಿಗೆ ಎಂದೂ ಹೇಳಿಲ್ಲ. ಹೇಳದೆ ಉಳಿದದ್ದರ ಜೊತೆ ಹೇಳಬೇಕಾಗಿದ್ದ ಮುತ್ತಜ್ಜನ ಕತೆಯೂ ಸೇರಿಹೋಗಿತ್ತು.

ಸಂಜೆ ಏಳಕ್ಕೆ ನಾನೇ ಚಾಪೆ ಹಾಸಿದೆ. ಮಾಮಿಯನ್ನು ಕರೆಯುವ ಮೊದಲೇ ಅವರು ಸತ್ಯವೇದ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇಪ್ಪತ್ತಮೂರನೆಯ ಕೀರ್ತನೆ ಓದಿದರು. ಮಗಳು ಅರ್ಧಕ್ಕೇ ನನ್ನ ತೊಡೆಯ ಮೇಲೆ ತಲೆ ಇಟ್ಟಳು. ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ಅನುದಿನದ ಆಹಾರದವರೆಗೆ ಮಗನ ದನಿ ಸರಿಯಾಗಿಯೇ ಬರುತ್ತಿತ್ತು. "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಎಂಬಲ್ಲಿ ನಿಂತಿತು. ಮಾಮಿ ಕಣ್ಣು ತೆರೆಯಲಿಲ್ಲ. ಮುಂದಿನ ಸಾಲಿಗೂ ಹೋಗಲಿಲ್ಲ. ಅದೇ ಸಾಲನ್ನು ಇನ್ನೊಮ್ಮೆ ಮೊದಲಿನಿಂದ ಹೇಳಿದರು. ಈ ಸಲ ಅವನೂ ಸೇರಿದ, ಮೆಲ್ಲಗೆ.

ಊಟವಾದ ಮೇಲೆ ಗೆಳೆಯನಿಗೆ ಸಂದೇಶ ಕಳುಹಿಸುತ್ತೀಯಾ ಎಂದು ಕೇಳಿದೆ. ಇಲ್ಲ ಎಂದ. ಮೊಬೈಲಿನಲ್ಲಿ ಬರೆದರೆ ಅದನ್ನೂ ಯಾರಾದರೂ ಗುಂಪಿಗೆ ಹಾಕುತ್ತಾರೆ, ಬಸ್ಸಿನಲ್ಲಿ ಎದುರಿಗೇ ಹೇಳುತ್ತೇನೆ ಎಂದ. ಅವನು ಮಾತಾಡದಿದ್ದರೆ? ಅದಕ್ಕೆ ಉತ್ತರ ಕೊಡಲಿಲ್ಲ. ಹೆಂಚನ್ನು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಭಾರವಾಗುತ್ತದಲ್ಲ ಎಂದೆ, ಇರಲಿ ಎಂದ.

ಬಸ್ಸು ಬೆಳಿಗ್ಗೆ ಏಳೂವರೆಗೆ.