ತೇಲಬೇಕು, ಆದರೆ ಕತ್ತು ಬಿಗಿಯಬಾರದು

ನಾನು ಮಾಡೆಲ್. ನಾನು ಗಾಳಿಯಲ್ಲಿ ತೇಲುತ್ತಿರುವ ಫೋಟೋ ನೋಡಿದವರೆಲ್ಲ ಕೇಳುವುದು ಒಂದೇ, 'ಎಲ್ಲಾ ಫೋಟೋಶಾಪ್ ತಾನೇ, ಇದರಲ್ಲಿ ನಿನ್ನದೇನು?' ಸ್ಟೂಲ್ ಮೇಲೆ ಹೊಟ್ಟೆ ಆನಿಸಿ, ಕೈಕಾಲು ಎತ್ತಿ ಹಿಡಿದು, ಮುಖದಲ್ಲಿ ಮಾತ್ರ ನಿದ್ದೆ ತಂದುಕೊಂಡು ನೋಡಿ. ಆಮೇಲೆ ಮಾತಾಡೋಣ.

ವಿಧಾನವೇನೋ ಸರಳ. ಟ್ರೈಪಾಡ್ ಅಲುಗಬಾರದು, ಫೋಕಸ್ ಮತ್ತು ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಬದಲಾಗಬಾರದು. ನಾನು ಸ್ಟೂಲ್ ಮೇಲಿರುವ ಫೋಟೋ ಒಂದು, ಖಾಲಿ ಜಾಗದ್ದು ಇನ್ನೊಂದು. ಫೋಟೋಶಾಪ್‌ನಲ್ಲಿ ಎರಡನ್ನೂ ಲೇಯರ್ ಮಾಡಿ, ಅಂದರೆ ಒಂದರ ಮೇಲೊಂದು ಇಟ್ಟು, ಬೇಡದ ಭಾಗ ಮರೆಮಾಡುವ ಮಾಸ್ಕ್ ಹಾಕಿ ಸ್ಟೂಲನ್ನು ಮಾಯ ಮಾಡುತ್ತಾರೆ. ಆದರೆ ಸ್ಟೂಲ್ ಹೋದರೂ ಅದು ಒತ್ತಿದ ಜಾಗ ಚಪ್ಪಟೆಯಾಗಿಯೇ ಕಾಣುತ್ತದೆ, ಅದಕ್ಕೇ ಬಟ್ಟೆ ಅಲ್ಲಿಂದ ಕೆಳಗೆ ಇಳಿಬಿದ್ದಿರಬೇಕು. ಕತ್ತಿನ ನರ ಬಿಗಿದಿದ್ದರೆ ಮುಗಿಯಿತು. ಎಡಿಟಿಂಗ್‌ನಲ್ಲಿ ನರ ಅಳಿಸಬಹುದು, ಆದರೆ ಕಷ್ಟಪಡುತ್ತಿರುವ ಮೈ ಕಷ್ಟಪಡುತ್ತಿರುವಂತೆಯೇ ಕಾಣುತ್ತದೆ, ಅಲ್ವಾ?

ಅದಕ್ಕೇ ನನ್ನ ಫೋಟೋಗ್ರಾಫರ್ ಗೆಳತಿಗೆ ನಾನು ಹಾಕಿರುವ ಮೊದಲ ಷರತ್ತು: ಮೊದಲು ಸ್ಕೆಚ್ ತೋರಿಸು. ಗೀಚಿದ್ದಾದರೂ ಪರವಾಗಿಲ್ಲ. ಎಡಿಟಿಂಗ್ ಆದಮೇಲೆ ಅಂಗೈಯಲ್ಲಿ ಹೊಳೆಯುವ ಮೀನು ಬರುತ್ತದೆ ಅಂತ ಗೊತ್ತಿದ್ದರೆ ಬೆರಳು ತಾನಾಗಿ ಬಟ್ಟಲಿನಂತೆ ಬಾಗುತ್ತದೆ, ಉಸಿರೂ ನಿಧಾನ ಆಗುತ್ತದೆ. 'ಸುಮ್ನೆ ಕೈ ಚಾಚು, ಆಮೇಲೆ ಏನಾದರೂ ಹಾಕ್ತೀನಿ' ಅಂದರೆ ಸಿಗುವುದು ಬರೀ ಚಾಚಿದ ಕೈ. ಆ ಮೀನಿಗಾಗಿ ಅವಳು ನನ್ನ ಅಂಗೈಯಲ್ಲಿ ಪುಟ್ಟ ಎಲ್‌ಇಡಿ ಇಟ್ಟಳು. ಗಲ್ಲದ ಕೆಳಗೆ ಬಿದ್ದ ಬೆಳಕು ನಿಜದ್ದು, ಮೀನು ಸುಳ್ಳು. ಕಣ್ಣು ನಂಬುವುದು ಆ ಬೆಳಕನ್ನು.

1948ರಲ್ಲಿ ಫಿಲಿಪ್ ಹಾಲ್ಸ್‌ಮನ್ ತೆಗೆದ ಚಿತ್ರಕಾರ ಸಾಲ್ವಡಾರ್ ಡಾಲಿ ಫೋಟೋ ಗೊತ್ತಿರಬಹುದು: ಮೂರು ಬೆಕ್ಕು, ನೀರು, ಕುರ್ಚಿ, ಡಾಲಿ, ಎಲ್ಲವೂ ಗಾಳಿಯಲ್ಲಿ. ಫೋಟೋಶಾಪ್ ಬಂದದ್ದೇ 1990ರಲ್ಲಿ, ಹಾಗಾಗಿ ಸಹಾಯಕರು ಬೆಕ್ಕುಗಳನ್ನು ಎಸೆದು ನೀರು ಎರಚಿದರು, ಹಾಲ್ಸ್‌ಮನ್ ಅವರ ಹೆಂಡತಿ ಕುರ್ಚಿ ಎತ್ತಿ ಹಿಡಿದರು, ಡಾಲಿ ಪ್ರತಿ ಸಲವೂ ನಿಜವಾಗಿ ಹಾರಿದರು, 28 ಸಲ. (ಬೆಕ್ಕುಗಳನ್ನು ಯಾರೂ ಕೇಳಲಿಲ್ಲ ಬಿಡಿ.) ಕೊನೆಗೆ ಪ್ರಿಂಟ್‌ನಲ್ಲಿ ಖಾಲಿಯಿದ್ದ ಚೌಕಟ್ಟಿನೊಳಗೆ ಚಿತ್ರ ಬರೆದದ್ದೂ ಡಾಲಿಯೇ. ಮಾಡೆಲ್ ಅಂದರೆ ಹೀಗಿರಬೇಕು ಅನಿಸುತ್ತದೆ ನನಗೆ. ಆದರೆ ಡಾಲಿಗೆ ಹೆಸರಿತ್ತು. 1924ರಲ್ಲಿ ಫೋಟೋಗ್ರಾಫರ್ ಮ್ಯಾನ್ ರೇ ಒಬ್ಬ ಹೆಣ್ಣಿನ ಬೆನ್ನಿನ ಫೋಟೋ ತೆಗೆದು, ಪ್ರಿಂಟ್ ಮೇಲೆ ಪಿಟೀಲಿನ ರಂಧ್ರಗಳನ್ನು ಬಿಡಿಸಿದ ಚಿತ್ರ ಜಗತ್ತಿಗೇ ಗೊತ್ತು. ಕೈ ಎರಡೂ ಕಾಣದಂತೆ ಮುಂದೆ ಮಡಚಿ ಕುಳಿತು ಬೆನ್ನನ್ನು ಪಿಟೀಲು ಮಾಡಿದ ಕೀಕಿ ಎಷ್ಟು ಜನರಿಗೆ ಗೊತ್ತು?

ಹೆಸರಿನ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಗಟ್ಟಿ. ಚಿತ್ರ ಎಲ್ಲಿ ಹಾಕಿದರೂ ಇಬ್ಬರ ಹೆಸರೂ ಇರಬೇಕು. ಒಪ್ಪಿಗೆ ಪತ್ರದಲ್ಲಿ ಇನ್ನೂ ಎರಡು ಸಾಲು ಸೇರಿಸಿದ್ದೇವೆ. ನನ್ನ ಮೈಯನ್ನು ಬೇರೆ ಮೈಗೆ ಅಂಟಿಸುವ ಮುಂಚೆ ಕೇಳಬೇಕು, ಮತ್ತು ಫೋಟೋಗಳನ್ನು ಎಐ ತರಬೇತಿಗೆ ಕೊಡಬಾರದು. ಗೆಳತಿ ಬೇಸರ ಮಾಡಿಕೊಳ್ಳಲಿಲ್ಲ, ಬದಲಿಗೆ ತನ್ನದೂ ಒಂದು ಸಾಲು ಹಾಕಿದಳು: ಮುಗಿಸಿದ ಚಿತ್ರಕ್ಕೆ ನಾನು ಫಿಲ್ಟರ್ ಹಾಕಿ ಹಂಚಬಾರದು. ನ್ಯಾಯವೇ.

ಈಗ ಹೊಸ ಜಗಳ ಶುರುವಾಗಿದೆ. ಮುಂದಿನ ಚಿತ್ರದಲ್ಲಿ ನನ್ನ ಮುಖವನ್ನೇ ತೆಗೆದು ಮೋಡ ಇಡಬೇಕಂತೆ. ಮುಖ ತೆಗೆ, ಆದರೆ ಭುಜ ಮುಟ್ಟಬೇಡ ಅಂದಿದ್ದೇನೆ. ಮುಖ ಇಲ್ಲದಿದ್ದಾಗ ನಟಿಸಲು ನನಗೆ ಉಳಿಯುವುದು ಅದೇ.