ಇಳಿತಕ್ಕೆ ಗಾಳ: ಅಘನಾಶಿನಿ ಮತ್ತು ಕಾಳಿಯಲ್ಲಿ ಕುರುಡಿ ಮೀನಿನ ಬೆನ್ನು ಹತ್ತಿ

ಶಿರಸಿ ಸುತ್ತಮುತ್ತಲಿನ ಕೆರೆಗಳಲ್ಲಿ ಎರೆಹುಳು ಸಿಕ್ಕಿಸಿ, ಬೆಂಡು ಅಲುಗುವುದನ್ನೇ ಕಾಯುತ್ತ ಬೆಳೆದವನು ನಾನು. ಕೊರವ, ಕಾಟ್ಲಾ, ರೋಹು ನನಗೆ ಹೊಸತಲ್ಲ. ಆದರೆ ಘಟ್ಟ ಇಳಿದು, ಹೊಳೆ ಕಡಲು ಸೇರುವ ಅಳಿವೆಯ ನೀರಿನಲ್ಲಿ ಕುರುಡಿ ಹಿಡಿಯುವುದು ಬೇರೆಯೇ ವಿದ್ಯೆ. ಕೆರೆಯ ನೀರು ನಿಂತಲ್ಲೇ ಇರುತ್ತದೆ, ಹೊತ್ತು ನೋಡಿಕೊಂಡು ಹೋದರೆ ಸಾಕು. ಅಳಿವೆಯ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಮೀನು ಅದರ ಜೊತೆಗೇ ತಿರುಗುತ್ತದೆ. ಇದನ್ನು ತಿಳಿಯದೆ ಎರಡು ವರ್ಷ ಕುಮಟಾಕ್ಕೆ ಹೋಗಿ ಬರಿಗೈಯಲ್ಲಿ ಮರಳಿದ್ದೆ. ಕಳೆದ ದೀಪಾವಳಿ ಮುಗಿದ ಮೇಲೆ ಗೆಳೆಯನ ಜೊತೆ ಮೂರು ದಿನ ಹೋಗಿಬಂದೆ. ಈ ಸಲ ಮೀನು ಸಿಕ್ಕಿತು, ಯಾಕೆ ಸಿಕ್ಕಿತು ಎಂಬುದೂ ತಿಳಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೀನಿನ ವಿಷಯ. ಮೊಬೈಲ್‌ನಲ್ಲಿ ಅಮೆರಿಕದವರ ಬಾಸ್ ಹಿಡಿಯುವ ವಿಡಿಯೋ ನೋಡಿ ಅದೇ ಮೀನನ್ನು ಇಲ್ಲಿ ಹುಡುಕುವವರಿದ್ದಾರೆ. ಆ ಲಾರ್ಜ್‌ಮೌತ್ ಬಾಸ್ ನಮ್ಮ ಹೊಳೆಗಳ ಮೀನಲ್ಲ. ನಮ್ಮಲ್ಲಿರುವುದು ಏಷ್ಯಾದ ಸೀ ಬಾಸ್. ಆಸ್ಟ್ರೇಲಿಯದವರು ಬಾರಾಮಂಡಿ ಎನ್ನುವುದು ಇದನ್ನೇ. ಕಾರವಾರದ ಕೊಂಕಣಿ ಮಾತಿನಲ್ಲಿ ಚೊಣಕ್, ಕನ್ನಡದಲ್ಲಿ ಕುರುಡಿ. ಹೆಸರು ಕುರುಡಿಯಾದರೂ ರಾತ್ರಿ ಟಾರ್ಚ್ ಬಿಟ್ಟರೆ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಸಿಹಿನೀರು, ಉಪ್ಪುನೀರು ಎರಡರಲ್ಲೂ ಬದುಕುವ ಮೀನು ಇದು. ಮೊಟ್ಟೆ ಇಡಲು ಅಳಿವೆಯ ಉಪ್ಪುನೀರೇ ಬೇಕು, ಮರಿಗಳು ಹಿನ್ನೀರಿಗೂ ಹೊಳೆಯ ಮೇಲ್ಭಾಗಕ್ಕೂ ಏರಿ ಬೆಳೆಯುತ್ತವೆ. ಇನ್ನೂ ಒಂದು ವಿಶೇಷವಿದೆ. ಕುರುಡಿ ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅಂದರೆ ನಿಮ್ಮ ಗಾಳಕ್ಕೆ ಬಂದ ಭಾರೀ ಮೀನು ಬಹುತೇಕ ಮೊಟ್ಟೆ ಇಡುವ ತಾಯಿಯೇ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಯಾವಾಗ ಹೋಗಬೇಕು? ಮಳೆಗಾಲದಲ್ಲಿ ಬೇಡ. ಜೂನ್, ಜುಲೈನಲ್ಲಿ ಹೊಳೆ ಕೆಂಪಾಗಿ ಉಕ್ಕಿ ಹರಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದೂ ಮೀನು ಮರಿ ಮಾಡುವ ಕಾಲವೆಂದೇ. ಆ ಎರಡು ತಿಂಗಳು ಗಾಳವೂ ಅಟ್ಟದ ಮೇಲಿರಲಿ. ಅಕ್ಟೋಬರ್ ಕೊನೆಯಿಂದ ನೀರು ತಿಳಿಯಾಗತೊಡಗುತ್ತದೆ, ನವೆಂಬರ್ ಒಳ್ಳೆಯದು. ಡಿಸೆಂಬರ್, ಜನವರಿಯ ಚಳಿಯ ಬೆಳಗಿನಲ್ಲಿ ಮೀನು ಮಂದವಾಗಿರುತ್ತದೆ, ಬಿಸಿಲೇರಿದ ಮೇಲೆ ಪ್ರಯತ್ನಿಸಬಹುದು. ಮಾರ್ಚ್‌ನಿಂದ ಮೇ ತನಕ ನೀರು ಬೆಚ್ಚಗಾಗಿ, ಉಪ್ಪು ಹೊಳೆಯಲ್ಲಿ ಮೇಲಕ್ಕೇರಿ, ಕುರುಡಿ ಮತ್ತೆ ಚುರುಕಾಗುತ್ತದೆ. ಆದರೆ ಆ ಬಿಸಿಲಿನಲ್ಲಿ ದೋಣಿಯಲ್ಲಿ ಕೂರುವುದು ಎಲ್ಲರಿಗೂ ಆಗುವ ಕೆಲಸವಲ್ಲ.

ತಿಂಗಳಿಗಿಂತ ತಿಥಿ ಮುಖ್ಯ. ಕುಮಟಾ ಬಳಿಯ ಹೆಗಡೆ ಊರಿನಲ್ಲಿ ನಮ್ಮನ್ನು ದೋಣಿಯಲ್ಲಿ ಕರೆದೊಯ್ದದ್ದು ಗೆಳೆಯನ ಸೋದರಮಾವ. ಹಿಂದಿನ ಸಲ ನಾನು ಶನಿವಾರ, ಭಾನುವಾರ ನೋಡಿ ಬಂದಿದ್ದೆ ಎಂದಾಗ ಅವರು, "ವಾರ ನೋಡಿ ಬಂದರೆ ಮೀನಿಗೇನು ಗೊತ್ತು? ಪಂಚಾಂಗ ನೋಡಿ ಬಾ ತಮ್ಮಾ" ಎಂದರು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಈ ಕರಾವಳಿಯಲ್ಲಿ ನೀರು ಮಧ್ಯಾಹ್ನದ ಹೊತ್ತಿಗೆ ತುಂಬಿ, ಸಂಜೆಯ ಹೊತ್ತಿಗೆ ಪೂರ್ತಿ ಇಳಿಯುತ್ತದೆ. ದಿನದಿನಕ್ಕೆ ಈ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಷ್ಟಮಿಯ ಸುಮಾರಿಗೆ ಎಲ್ಲವೂ ತಿರುವುಮುರುವಾಗಿ, ಇಳಿತ ಸುಡುಬಿಸಿಲಿನ ಹೊತ್ತಿಗೆ ಬರುತ್ತದೆ, ನೀರಿನ ಸೆಳೆತವೂ ಸೊರಗಿರುತ್ತದೆ. ಕುರುಡಿಗೆ ಬೇಕಾದದ್ದು ಹರಿಯುವ ನೀರು ಮತ್ತು ಮಬ್ಬು ಬೆಳಕು. ಎರಡೂ ಒಟ್ಟಿಗೆ ಸಿಗುವುದು ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದ ಬಿದಿಗೆ, ತದಿಗೆಯ ಸಂಜೆಗಳಲ್ಲಿ. ಅಮಾವಾಸ್ಯೆಯ ದಿನವೇ ಹೋದರೆ ಸೆಳೆತ ವಿಪರೀತ, ನೀರು ಕದಡಿರುತ್ತದೆ. ಒಂದೆರಡು ದಿನ ಬಿಟ್ಟು ಹೋಗುವುದೇ ಮೇಲು. ಮೊಬೈಲ್‌ನಲ್ಲಿ ಕಾರವಾರದ ಉಬ್ಬರವಿಳಿತದ ಸಮಯ ಸಿಗುತ್ತದೆ. ಅದು ಕಡಲಂಚಿನ ಲೆಕ್ಕ, ಹೊಳೆಯೊಳಗೆ ಹೋದಷ್ಟೂ ಇಳಿತ ತಡವಾಗುತ್ತದೆ ಎಂಬುದು ನೆನಪಿರಲಿ.

ಶಿರಸಿಯಿಂದ ಕುಮಟಾ ಸುಮಾರು 60 ಕಿಲೋಮೀಟರ್. ದೇವಿಮನೆ ಘಟ್ಟದ ರಸ್ತೆಯನ್ನು ಕಾಮಗಾರಿಗೆಂದು ಮುಚ್ಚುವುದುಂಟು, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಮುಚ್ಚಿದ್ದರೆ ಸಿದ್ದಾಪುರ ಹಾದು ದೊಡ್ಮನೆ ಘಟ್ಟ ಇಳಿಯಬಹುದು. ಉಳಿಯಲು ಕುಮಟಾವೇ ಅನುಕೂಲ. ಗೋಕರ್ಣದಲ್ಲಿ ವಾರಾಂತ್ಯಕ್ಕೆ ಕೋಣೆ ಸಿಗುವುದೇ ಕಷ್ಟ.

ಅಘನಾಶಿನಿಗೆ ಅಣೆಕಟ್ಟಿಲ್ಲ. ಶಿರಸಿಯ ಶಂಕರಹೊಂಡದ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಬಳಿ ಕಡಲು ಸೇರುವ ತನಕ ಅದನ್ನು ಯಾರೂ ತಡೆದಿಲ್ಲ. ನಮ್ಮ ಮನೆಯ ಹಿಂದಿನ ಹಳ್ಳದ ನೀರೂ ಕೊನೆಗೆ ಸೇರುವುದು ಅಲ್ಲಿಗೇ ಎಂಬ ಕಾರಣಕ್ಕೆ ನನಗೆ ಆ ಅಳಿವೆಯ ಮೇಲೆ ವಿಶೇಷ ಮಮತೆ. 2024ರಲ್ಲಿ ಅದು ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೆ ಸೇರಿತು. ಹೆಗಡೆ, ಮಾಣಿಕಟ್ಟಾ, ಮಿರ್ಜಾನದ ಕಡೆ ಹೊಳೆಯ ಎರಡೂ ಬದಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಅವುಗಳ ಹಿಂದೆ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿ, ಅಂದರೆ ಉಬ್ಬರದ ನೀರು ಬರುವ ತಗ್ಗಿನ ಗದ್ದೆಗಳು. ಗಜನಿಯ ಕಟ್ಟೆಗೆ ಜಂತ್ರಡಿ ಎಂಬ ತೂಬಿನ ಬಾಗಿಲು ಇರುತ್ತದೆ. ಇಳಿತದಲ್ಲಿ ಗಜನಿಯ ನೀರು ಆ ಬಾಗಿಲಿನಿಂದ ಹೊಳೆಗೆ ಸುರಿಯುವಾಗ ಸಿಗಡಿ, ಸಣ್ಣ ಮೀನು ಎಲ್ಲವೂ ಅದರ ಜೊತೆ ಬರುತ್ತವೆ. ಕುರುಡಿ ಕಾಯುವುದು ಅಲ್ಲೇ, ಸುರಿಯುವ ನೀರಿನೊಳಗಲ್ಲ, ಅದರ ಪಕ್ಕದ ನಿಧಾನ ನೀರಿನಲ್ಲಿ, ತಲೆಯನ್ನು ಸೆಳೆತಕ್ಕೆ ಎದುರಾಗಿಟ್ಟುಕೊಂಡು. ಕಾಂಡ್ಲಾ ಬೇರುಗಳ ನಡುವಿನಿಂದ ಸಣ್ಣ ಕೊಡಿಹಳ್ಳ ಹೊಳೆ ಸೇರುವ ಬಾಯಿಯೂ ಅಂಥದೇ ಜಾಗ. ಒಂದು ಎಚ್ಚರಿಕೆ: ಗಜನಿಯ ಕಟ್ಟೆಯ ಒಳಗೆ ಗಾಳ ಹಾಕಬೇಡಿ. ಅಲ್ಲಿನ ಮೀನು, ಸಿಗಡಿಯ ಹಕ್ಕನ್ನು ರೈತರು ಹರಾಜಿನಲ್ಲಿ ಕೊಟ್ಟಿರುತ್ತಾರೆ. ಅದು ಇನ್ನೊಬ್ಬರ ಗದ್ದೆಗೆ ಇಳಿದು ಕೊಯ್ದಂತೆ.

ಮೊದಲ ಸಂಜೆ ನಾಲ್ಕು ಗಂಟೆಗೆ ದೋಣಿ ಹತ್ತಿದೆವು. ನನ್ನ ಕೈಯಲ್ಲಿ ಏಳು ಅಡಿಯ ರಾಡ್, 4000 ಅಳತೆಯ ಸ್ಪಿನ್ನಿಂಗ್ ರೀಲ್, 20 ಪೌಂಡಿನ ಎಳೆತ ತಾಳುವ ಬ್ರೇಡ್ (ಹೆಣೆದ) ದಾರ. ಇಷ್ಟು ಸರಿಯೇ ಇತ್ತು. ತಪ್ಪಿದ್ದು ತುದಿಯಲ್ಲಿ. ಕೆರೆಯ ಅಭ್ಯಾಸದಲ್ಲಿ ತೆಳು ತಂಗೂಸಿನ ಲೀಡರ್, ಅಂದರೆ ದಾರಕ್ಕೂ ಗಾಳಕ್ಕೂ ನಡುವಿನ ತುಂಡು, ಕಟ್ಟಿದ್ದೆ. ಐದೂವರೆ ಗಂಟೆಗೆ ತೂಬಿನ ಪಕ್ಕದಲ್ಲಿ ಧೊಪ್ ಎಂದು ಸದ್ದಾಯಿತು. ಕುರುಡಿ ಬಾಯಿ ತೆರೆದು ನೀರಿನ ಸಮೇತ ಬೇಟೆಯನ್ನು ಒಳಗೆಳೆದುಕೊಳ್ಳುವ ಸದ್ದು ಅದು, ಒಮ್ಮೆ ಕೇಳಿದರೆ ಮರೆಯುವಂಥದ್ದಲ್ಲ. ಲೂರ್ (ಮೀನನ್ನು ಸೆಳೆಯುವ ನಕಲಿ ಆಮಿಷ) ಎಸೆದೆ, ಎರಡನೆಯ ಎಳೆತಕ್ಕೆ ರಾಡ್ ಬಾಗಿತು. ಮೀನು ಪೂರ್ತಿ ಮೇಲಕ್ಕೆ ಜಿಗಿದು ತಲೆ ಒದರಿತು, ದಾರ ಸಡಿಲಾಯಿತು. ಎಳೆದುಕೊಂಡು ನೋಡಿದರೆ ಲೀಡರ್‌ನ ತುದಿ ಬ್ಲೇಡಿನಲ್ಲಿ ಕೊಯ್ದಂತೆ ಓರೆಯಾಗಿ ಕತ್ತರಿಸಿತ್ತು. ಕುರುಡಿಗೆ ಕೋರೆಹಲ್ಲಿಲ್ಲ, ಬಾಯೊಳಗೆ ಮರಳುಕಾಗದದಂಥ ಒರಟು ಅಷ್ಟೆ. ಕತ್ತಿ ಇರುವುದು ಕಿವಿರಿನ ಮುಚ್ಚಳದ ಅಂಚಿನಲ್ಲಿ. ಅದು ತಲೆ ಒದರುವುದೇ ಆ ಅಂಚು ದಾರಕ್ಕೆ ತಾಗುವಂತೆ.

ಆದ್ದರಿಂದ ಲೀಡರ್ 40 ಪೌಂಡಿನದಿರಲಿ, ಒಂದು ಮಾರಿನಷ್ಟು ಉದ್ದವಿರಲಿ. ಪ್ರತಿ ಮೀನಿನ ನಂತರ, ಬೇರಿಗೆ ಸಿಕ್ಕಿ ಬಿಡಿಸಿಕೊಂಡ ನಂತರ, ಕೊನೆಯ ಒಂದು ಗೇಣನ್ನು ಹೆಬ್ಬೆರಳ ಉಗುರು ಮತ್ತು ತೋರುಬೆರಳ ನಡುವೆ ನಿಧಾನವಾಗಿ ಎಳೆದು ನೋಡಿ. ಉಗುರಿಗೆ ಎಲ್ಲಿಯಾದರೂ ತರಿ ತಾಗಿದರೆ ಅಲ್ಲಿಯವರೆಗೆ ಕತ್ತರಿಸಿ ಮತ್ತೆ ಕಟ್ಟಿ. ಒಂದು ನಿಮಿಷದ ಕೆಲಸ, ಉದಾಸೀನ ಮಾಡಿದವನಿಗೆ ಮೀನಿಲ್ಲ. ಲೂರ್‌ಗಳ ರಾಶಿ ಬೇಕಿಲ್ಲ. ಮೂರರಿಂದ ಐದು ಇಂಚಿನ, ಹೆಚ್ಚು ಆಳಕ್ಕಿಳಿಯದ ಎರಡು ಮಿನ್ನೋ (ಸಣ್ಣ ಮೀನಿನಾಕಾರದ ಗಟ್ಟಿ ಲೂರ್), 10–15 ಗ್ರಾಂ ತೂಕದ ಸೀಸದ ತಲೆಗೆ ಸಿಕ್ಕಿಸುವ ನಾಲ್ಕಾರು ಮೆದು ರಬ್ಬರ್ ಮೀನು ಸಾಕು. ಅಂಗಡಿಯಿಂದ ಬರುವ ಮೂರು ಮೊನೆಯ ಗಾಳಗಳು ಅನೇಕ ಸಲ ತೆಳುವಾಗಿರುತ್ತವೆ. ಗಟ್ಟಿಯವನ್ನು ಹಾಕಿಸಿ, ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ಮೀನಿಗೂ ಒಳಿತು, ನಿಮ್ಮ ಬೆರಳಿಗೂ ಒಳಿತು.

ಎರಡನೆಯ ದಿನ ಮಾವ ನನ್ನ ಲೂರ್‌ಗಳನ್ನೆಲ್ಲ ಬದಿಗಿಡಿಸಿ ಜೀವಂತ ಸಿಗಡಿ ಕೊಟ್ಟರು. ಬೆರಳುದ್ದದ ಸಿಗಡಿಯನ್ನು ಬೆಳಕಿಗೆ ಹಿಡಿದರೆ ತಲೆಯ ಚಿಪ್ಪಿನೊಳಗೆ ಒಂದು ಕಪ್ಪು ಮಚ್ಚೆ ಕಾಣುತ್ತದೆ. ಅದಕ್ಕೆ ಗಾಳ ತಾಗಿದರೆ ಸಿಗಡಿ ಅಲ್ಲೇ ಸತ್ತಿತು. ಮಚ್ಚೆಯ ಮುಂದೆ, ಗರಗಸದಂಥ ಕೊಂಬಿನ ಬುಡದಲ್ಲಿ ಚಿಪ್ಪಿನ ಅಡ್ಡಕ್ಕೆ ಗಾಳ ದಾಟಿಸಬೇಕು. ಮಾವನ ಒರಟು ಬೆರಳುಗಳು ಅದನ್ನು ಹೂ ಪೋಣಿಸಿದಂತೆ ಮಾಡಿದವು. ಹಾಗೆ ಸಿಕ್ಕಿಸಿದ ಸಿಗಡಿ ಅರ್ಧ ಗಂಟೆ ನೀರಿನಲ್ಲಿ ಕಾಲಾಡಿಸುತ್ತ ಇರುತ್ತದೆ. ಬೆಂಡಿನ ಕೆಳಗೆ ಒಂದು ಮೊಳ ಬಿಟ್ಟು, ದೋಣಿಯನ್ನು ಮೇಲ್ಗಡೆ ನಿಲ್ಲಿಸಿ, ಸೆಳೆತವೇ ಅದನ್ನು ಬೇರುಗಳ ಅಂಚಿಗೆ ಒಯ್ಯುವಂತೆ ಬಿಟ್ಟೆವು. ಮೊದಲು ಬಂದದ್ದು ಕೆಂಬೇರಿ, ಅದರ ಹಲ್ಲಿನ ಹತ್ತಿರ ಬೆರಳು ಒಯ್ಯಬೇಡಿ. ಕತ್ತಲಾಗುವ ಮುನ್ನ ಮೂರು ಕಿಲೋ ತೂಗುವ ಕುರುಡಿ. ಮೀನು ಕಚ್ಚಿದೊಡನೆ ಬೇರಿನತ್ತ ನುಗ್ಗುತ್ತದೆ. ಮೊದಲ ಹತ್ತು ಸೆಕೆಂಡು ಅದನ್ನು ಅಲ್ಲಿಗೆ ಹೋಗಗೊಡಬಾರದು, ದಾರ ಬಿಚ್ಚಿಕೊಳ್ಳುವುದನ್ನು ತಡೆಯುವ ರೀಲಿನ ಡ್ರ್ಯಾಗ್ ಬಿಗಿಯಾಗಿರಬೇಕು. ಬಯಲು ನೀರಿಗೆ ಬಂದ ಮೇಲೆ ಸಡಿಲಿಸಬಹುದು.

ಅಂದು ಒಂದು ಪೇಚಿಗೂ ಸಿಕ್ಕಿದೆವು. ಮೀನಿನ ಖುಷಿಯಲ್ಲಿ ನೀರು ಇಳಿದದ್ದು ನೋಡದೆ ದೋಣಿ ಕೆಸರಿಗೆ ಕೂತಿತು. ಮತ್ತೆ ನೀರೇರುವ ತನಕ ಎರಡು ಗಂಟೆ ಕತ್ತಲಲ್ಲಿ ಕುಳಿತೆವು. ಇಳಿದು ನೂಕಲು ಹೋದ ಗೆಳೆಯನ ಪಾದವನ್ನು ಬಳಚಿನ ಚಿಪ್ಪು ಸೀಳಿತು. ಚಪ್ಪಲಿ ಸಾಲದು, ಹಿಂಬದಿ ಮುಚ್ಚಿದ ಗಟ್ಟಿ ಅಡಿಯ ಶೂ ಬೇಕು. ಟಾರ್ಚ್, ಕುಡಿಯುವ ನೀರು, ಗಾಯಕ್ಕೆ ಔಷಧಿ, ತಲೆಗೊಂದು ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತಬೇಡಿ.

ಮೂರನೆಯ ದಿನ ಕಾರವಾರ. ಕಾಳಿಯ ಸ್ವಭಾವವೇ ಬೇರೆ. ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ದಾಟಿ ಬರುವ ಹೊಳೆ ಇದು. ಕದ್ರಾದಿಂದ ನೀರು ಬಿಟ್ಟರೆ ಕೆಳಗೆ ಸೆಳೆತ ಹೆಚ್ಚುತ್ತದೆ, ಪಂಚಾಂಗದ ಲೆಕ್ಕ ತಪ್ಪುತ್ತದೆ. ಕಿನ್ನರ, ಕಡವಾಡದ ಕಡೆಯ ದೋಣಿಯವರನ್ನು ಬೆಳಿಗ್ಗೆಯೇ ಕೇಳಿ ಇಳಿಯಿರಿ. ಕದ್ರಾಕ್ಕೆ ಸಮೀಪದ ಪಾತ್ರದಲ್ಲಿ ಬಂಡೆಯ ಮೇಲೆ ನಿಂತು ಗಾಳ ಹಾಕುವ ಸಾಹಸವಂತೂ ಬೇಡವೇ ಬೇಡ. 2024ರ ಆಗಸ್ಟ್‌ನಲ್ಲಿ ಕೋಡಿಬಾಗದ ಹಳೆಯ ಸೇತುವೆ ಕುಸಿದ ಜಾಗದಿಂದಲೂ ದೂರವಿರಿ. ಮೀನು ಸಾಕುವ ಪಂಜರಗಳ ಹತ್ತಿರ ಎಸೆದರೆ ಬಲೆ ಹರಿಯುತ್ತದೆ, ಅದು ಒಂದು ಮನೆಯ ವರ್ಷದ ಅನ್ನ. ಕೈಗಾ ಸ್ಥಾವರದ ಸುತ್ತ, ಅರ್ಗಾದ ನೌಕಾನೆಲೆಯ ಕಡೆ, ಮೇಲೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಗಾಳ ಬಿಚ್ಚಬೇಡಿ. ದಾಂಡೇಲಿಯ ಪಾತ್ರದಲ್ಲಿ ಮೊಸಳೆಗಳೂ ಇವೆ. ಜಲಾಶಯಗಳಲ್ಲಿ ಹಿಡಿಯುವ ಆಸೆಯಿದ್ದರೆ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಯೇ ಹೋಗಿ.

ಕಾಳಿಯಲ್ಲಿ ನಮಗೆ ಸಿಕ್ಕಿದ್ದು ಒಂದೇ ಮೀನು, ರಬ್ಬರ್ ಮೀನಿಗೆ, ಕಾಂಡ್ಲಾ ನಡುಗಡ್ಡೆಯೊಂದರ ಕೆಳತುದಿಯಲ್ಲಿ. ಗೆಳೆಯನ ತೋಳಿನಷ್ಟು ಉದ್ದ, ಬೆನ್ನು ಹಸಿರುಗಪ್ಪು, ಬದಿ ಬೆಳ್ಳಿ. ಇಷ್ಟು ದೊಡ್ಡದು ತಾಯಿಯೇ ಇರಬೇಕೆಂದು ಬಿಡಲು ನಿರ್ಧರಿಸಿದೆವು. ಬಿಡುವುದಕ್ಕೂ ಕ್ರಮವಿದೆ. ಕೈ ಒದ್ದೆ ಮಾಡಿಕೊಳ್ಳಿ, ದವಡೆ ಹಿಡಿದು ನೇತಾಡಿಸಬೇಡಿ, ಹೊಟ್ಟೆಯ ಕೆಳಗೆ ಇನ್ನೊಂದು ಕೈಯ ಆಧಾರ ಕೊಡಿ, ಕಿವಿರಿನ ಅಂಚಿಗೆ ಬೆರಳು ತಾಗದಿರಲಿ. ಗಾಳ ತೆಗೆದ ಮೇಲೆ ಮೂತಿಯನ್ನು ಸೆಳೆತಕ್ಕೆ ಎದುರಾಗಿ ಹಿಡಿದು ನಿಂತರೆ ಕಿವಿರು ಮೆಲ್ಲನೆ ಆಡತೊಡಗುತ್ತದೆ. ಗೆಳೆಯ ಹಾಗೆ ಒಂದೆರಡು ನಿಮಿಷ ಹಿಡಿದಿದ್ದ. ಬಾಲ ಒಮ್ಮೆ ಗಟ್ಟಿಯಾಗಿ ಅವನ ಮಣಿಕಟ್ಟಿಗೆ ಬಡಿಯಿತು, ಮೀನು ಕೆಳಗಿಳಿದು ಹೋಯಿತು.

ಮನೆಗೆ ಬಂದ ರಾತ್ರಿಯೇ ರೀಲ್, ರಾಡಿನ ಬಳೆಗಳು, ಬಳಸಿದ ಗಾಳಗಳನ್ನೆಲ್ಲ ಸಿಹಿನೀರಿನಲ್ಲಿ ತೊಳೆದು, ಒರೆಸಿ, ನೆರಳಿನಲ್ಲಿ ಒಣಗಿಸಿ. ರೀಲನ್ನು ನೀರಿನಲ್ಲಿ ಮುಳುಗಿಸಬೇಡಿ, ಮೇಲಿನಿಂದ ಹಗುರವಾಗಿ ಸುರಿದರೆ ಸಾಕು. ನಾಳೆ ಮಾಡೋಣವೆಂದು ಬಿಟ್ಟ ಗೆಳೆಯನ ರೀಲಿನ ಹಿಡಿ ಒಂದು ವಾರದಲ್ಲಿ ಉಪ್ಪು ಹಿಡಿದು ತಿರುಗದಾಯಿತು.